ಹೈಡ್ರೋಜನ್ ಬಂಧ: ಪೈಮಾಲ್ ಹುಡುಕಿದ್ದು, ನಾನು ಎಳೆದದ್ದು

ಎಚ್‌ಐವಿ ವೈರಸ್ಸಿನ ಪ್ರೋಟಿಯೇಸ್ ಅನ್ನೋ ಪ್ರೋಟೀನಿನ ಹೊಟ್ಟೆಯೊಳಗೆ ಇಂಡಿನಾವಿರ್ ಔಷಧಿ ಕೂತಿರುವ 1ಎಚ್‌ಎಸ್‌ಜಿ ಅನ್ನೋ ರಚನೆಯ ಫೈಲನ್ನು, ಅಣುಗಳ ಚಿತ್ರ ತೋರಿಸುವ ಪೈಮಾಲ್ ಸಾಫ್ಟ್‌ವೇರಿನಲ್ಲಿ ತೆರೆದು, ಹೈಡ್ರೋಜನ್ ಬಂಧಗಳನ್ನು (ಒಂದು ಹೈಡ್ರೋಜನ್ನನ್ನು ಎರಡು ಪರಮಾಣುಗಳು ಹಂಚಿಕೊಂಡಂತಿರುವ ದುರ್ಬಲ ಸೆಳೆತ) ಆಟೋಮ್ಯಾಟಿಕ್ ಆಗಿ, ಕೈಯಲ್ಲಿ, ಹೀಗೆ ಎರಡು ರೀತಿಯಲ್ಲೂ ಹಾಕಿ ನೋಡಿದೆ.

ಮೊದಲು ಆಟೋಮ್ಯಾಟಿಕ್. ಡಿಸ್ಟೆನ್ಸ್ ಕಮಾಂಡಿಗೆ ಒಂದು ಕಡೆ ಔಷಧಿ, ಇನ್ನೊಂದು ಕಡೆ ಪ್ರೋಟೀನ್, ಮೋಡ್ 2 ಅಂತ ಕೊಟ್ಟರೆ ಮುಗೀತು, ಹಳದಿ ತುಂಡುಗೆರೆಗಳು ತಾನಾಗಿ ಬರುತ್ತವೆ. ಡೀಫಾಲ್ಟ್ ಮಿತಿ ಸ್ವಲ್ಪ ಧಾರಾಳವೇ: ಕೋನ ಸರಿಯಾಗಿದ್ದರೆ 3.6 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ತನಕ, ಓರೆಯಾದಂತೆ 3.2ರ ತನಕ. ಇದು 2 ಆಂಗ್‌ಸ್ಟ್ರಾಮ್ ರೆಸಲ್ಯೂಷನ್ನಿನ ಎಕ್ಸ್-ರೇ ರಚನೆ, ಅಷ್ಟು ಸ್ಪಷ್ಟತೆಯಲ್ಲಿ ಹೈಡ್ರೋಜನ್ ಕಾಣುವುದಿಲ್ಲ, ಫೈಲಿನಲ್ಲೂ ಇಲ್ಲ. ಹಾಗಾಗಿ ಯಾರು ಹೈಡ್ರೋಜನ್ ಕೊಡುವವರು, ಯಾರು ತೆಗೆದುಕೊಳ್ಳುವವರು ಅನ್ನೋದೆಲ್ಲ ಸಾಫ್ಟ್‌ವೇರಿನ ಊಹೆ. ಔಷಧಿಯ ನಡುವಿನ ಒಂದೇ ಒಂದು ಹೈಡ್ರಾಕ್ಸಿಲ್‌ನಿಂದ (ಆಮ್ಲಜನಕ-ಹೈಡ್ರೋಜನ್ ಜೋಡಿ) ಪ್ರೋಟೀನಿನ ಎರಡು ಸರಪಳಿಗಳ ಆಸ್ಪಾರ್ಟೇಟ್ 25ಗಳ (25ನೇ ಸ್ಥಾನದ ಅಮೈನೋ ಆಮ್ಲ) ಕಡೆಗೂ ಗೆರೆಗಳು ಹೋದವು. ಇರುವುದು ಒಂದು ಹೈಡ್ರೋಜನ್, ಅದನ್ನು ಎಷ್ಟು ಜನಕ್ಕೆ ಹಂಚುತ್ತದೆ ಪಾಪ?

ಇನ್ನೂ ದೊಡ್ಡ ತೊಂದರೆ ನೀರಿನದ್ದು. ಔಷಧಿಯ ಮೇಲೆ ಮುಚ್ಚಿಕೊಳ್ಳುವ ಪ್ರೋಟೀನಿನ ಎರಡು ರೆಪ್ಪೆಗಳಲ್ಲಿರುವ ಐಸೊಲ್ಯೂಸಿನ್ 50ಗಳನ್ನು (50ನೇ ಸ್ಥಾನದ ಅಮೈನೋ ಆಮ್ಲ) ಔಷಧಿಗೆ ಜೋಡಿಸುವುದು 308ನೇ ನೀರಿನ ಕಣ. ನಾನು ಪ್ರೋಟೀನ್ ಅಂತ ಆರಿಸುವಾಗ ನೀರನ್ನು ಬಿಟ್ಟಿದ್ದೆ, ಸಾಫ್ಟ್‌ವೇರ್ ಕೂಡ ಸುಮ್ನೆ ಬಿಟ್ಟಿತು. ಆ ಚಿತ್ರವನ್ನೇ ಒಂದು ಸೆಮಿನಾರಿನಲ್ಲಿ ತೋರಿಸಿದೆ, ಹಿಂದಿನ ಸಾಲಿನಿಂದ "ನೀರೆಲ್ಲಿ?" ಅಂತ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಕೈಯಲ್ಲೇ ಎಳೆದೆ. ಪೈಮಾಲ್‌ನ ಅಳತೆ ಸಾಧನವಾದ ಮೆಷರ್‌ಮೆಂಟ್ ವಿಜಾರ್ಡ್ ತೆರೆದು ನೀರಿನ ಆಮ್ಲಜನಕ, ಆಮೇಲೆ ಐಸೊಲ್ಯೂಸಿನ್ನಿನ ನೈಟ್ರೋಜನ್, ಹೀಗೆ ಒಂದೊಂದೇ ಕ್ಲಿಕ್. ನೀರಿನ ನಾಲ್ಕು ಬಂಧಗಳು, ಎರಡು ರೆಪ್ಪೆಗೆ, ಎರಡು ಔಷಧಿಯ ಕಾರ್ಬೊನಿಲ್‌ಗಳಿಗೆ (ಕಾರ್ಬನ್-ಆಮ್ಲಜನಕ ಜೋಡಿ), ಕೊನೆಗೂ ಚೆನ್ನಾಗಿ ಕಂಡವು. ಆದರೆ ಇಲ್ಲಿ ಕೇಳುವವರೇ ಇಲ್ಲ. ತಪ್ಪಿ ಪಕ್ಕದ ಕಾರ್ಬನ್ ಮೇಲೆ ಕ್ಲಿಕ್ ಆದರೂ ಗೆರೆ ಬರುತ್ತದೆ, 5 ಆಂಗ್‌ಸ್ಟ್ರಾಮ್ ದೂರ ಇದ್ದರೂ ಬರುತ್ತದೆ. ಅದಕ್ಕೇ ದೂರದ ಲೇಬಲ್ಲುಗಳನ್ನು ಕೊನೆಯ ತನಕ ಅಳಿಸಬೇಡಿ.

ಇದೇ ಥರದ ಇನ್ನೊಂದು ಸಾಫ್ಟ್‌ವೇರ್ ಜೆಮಾಲ್‌ನಲ್ಲಿ ಕನೆಕ್ಟ್ ಕಮಾಂಡಿನಿಂದ ಮಾಡಿದ್ದು ಬರೀ ಅಳತೆಯ ಗೆರೆಯಲ್ಲ, ಬಂಧ ಅಂತಲೇ ಲೆಕ್ಕಕ್ಕೆ ಬರುತ್ತದೆ, ಅದು ನನಗೆ ಜಾಸ್ತಿ ಇಷ್ಟ.

ಒಂದೇ ಚಿತ್ರ ಬೇಕಿದ್ದರೆ ನನ್ನ ಓಟು ಕೈಗೆಲಸಕ್ಕೆ, ಆಟೋಮ್ಯಾಟಿಕ್ ಗೆರೆಗಳನ್ನು ಮೊದಲು ಹಾಕಿ ನೋಡಿಕೊಂಡು ಆಮೇಲೆ ಅಳಿಸಿಬಿಡುತ್ತೇನೆ. ಆದರೆ ಅಣುಗಳ ಚಲನೆ ತೋರಿಸುವ ಸಿಮ್ಯುಲೇಷನ್ನಿನ ಸಾವಿರ ಫ್ರೇಮ್ ಇದ್ದರೆ ಆಟೋಮ್ಯಾಟಿಕ್ಕೇ ಸರಿ. ಕೈಯಲ್ಲಿ ಎಳೆದದ್ದು ಬಂಧ ಮುರಿದು ದೂರ ಹೋದರೂ ರಬ್ಬರ್ ಬ್ಯಾಂಡ್ ಥರ ಉದ್ದವಾಗುತ್ತಾ ಅಲ್ಲೇ ಇರುತ್ತದೆ.