ಅಪ್ಪನ ಎಡಗೈ, ಮಗಳ ಬಲಗೈ

ನಾಲ್ಕು ತಿಂಗಳಿಂದ ನಮ್ಮ ಊಟದ ಮೇಜಿನ ಮೇಲೆ ತಟ್ಟೆಗಳಿಗಿಂತ ಪ್ರಶ್ನೆಪತ್ರಿಕೆಗಳೇ ಹೆಚ್ಚು. ಮಗಳು ಸಿಡ್ನಿಯಲ್ಲಿ ಹನ್ನೆರಡನೇ ತರಗತಿ. ನ್ಯೂ ಸೌತ್ ವೇಲ್ಸ್ ರಾಜ್ಯದ ಎಚ್‌ಎಸ್‌ಸಿ ಪರೀಕ್ಷೆಗೆ ಭೌತಶಾಸ್ತ್ರ ತೆಗೆದುಕೊಂಡಿದ್ದಾಳೆ. ನಾನು ಪಿಯುಸಿ ಓದಿದ್ದು ಹಾಸನದಲ್ಲಿ. ವಿದ್ಯುತ್ಕಾಂತತೆ ನನಗೆ ಅಲ್ಲೇ ಮುಗಿದಿತ್ತು. ಸಾಪೇಕ್ಷತೆಯ ಮುಖ ನೋಡಿದ್ದು ಬಿ.ಎಸ್ಸಿ.ಗೆ ಬಂದ ಮೇಲೆ. ಇವರಿಗೆ ಎರಡೂ ಒಂದೇ ವರ್ಷ. ಹಳೆಯ ಪ್ರಶ್ನೆಗಳನ್ನು ಇಬ್ಬರೂ ನಮ್ಮ ನಮ್ಮ ದಾರಿಯಲ್ಲಿ ಬಿಡಿಸಿ, ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ರೂಢಿಯಾಯಿತು.

ಮೊದಲ ಜಗಳ ಕೈಯದು. ಕಾಂತಕ್ಷೇತ್ರದಲ್ಲಿಟ್ಟ ತಂತಿಯಲ್ಲಿ ವಿದ್ಯುತ್ ಹರಿದರೆ ತಂತಿ ಯಾವ ಕಡೆ ಸರಿಯುತ್ತದೆ? ನನ್ನದು ಫ್ಲೆಮಿಂಗನ ಎಡಗೈ: ತೋರುಬೆರಳು ಕ್ಷೇತ್ರ, ನಡುಬೆರಳು ಪ್ರವಾಹ, ಹೆಬ್ಬೆರಳು ಬಲ. ಅವಳದು ಬಲ ಅಂಗೈ: ಹೆಬ್ಬೆರಳು ಪ್ರವಾಹ, ಚಾಚಿದ ನಾಲ್ಕು ಬೆರಳು ಕ್ಷೇತ್ರ, ಅಂಗೈ ಎತ್ತ ತಳ್ಳುತ್ತದೋ ಅತ್ತ ಬಲ. ಉತ್ತರ ಒಂದೇ. ಆದರೆ ನನ್ನ ಪದ್ಧತಿಯಲ್ಲಿ ಮೋಟಾರಿಗೆ ಎಡಗೈ, ಜನರೇಟರಿಗೆ ಬಲಗೈ. ಅವಸರದಲ್ಲಿ ಎರಡು ಸಲ ಕೈ ಅದಲುಬದಲಾಗಿ ನಗೆಪಾಟಲಾದೆ. ಅವಳಿಗೆ ಎಲ್ಲಕ್ಕೂ ಒಂದೇ ಕೈ ಸಾಕು, ಎಲೆಕ್ಟ್ರಾನ್ ಬಂದರೆ ಅಂಗೈ ಬದಲು ಕೈಯ ಹಿಂಬದಿ. ಇಷ್ಟರಲ್ಲಿ ಅವಳೇ ಗೆದ್ದಳು ಎನ್ನಬೇಕು, ಒಂದು ತೊಡಕು ಬಿಟ್ಟರೆ: ಬಲಗೈಯಲ್ಲಿ ಪೆನ್ನು ಇರುತ್ತದೆ. ಪೆನ್ನು ಬಿಡದೆ ಎಡ ಅಂಗೈಯನ್ನು ಎತ್ತಿ ಹಿಡಿದು, ತಂತಿಯನ್ನು ಪೂರ್ತಿ ಉಲ್ಟಾ ದಿಕ್ಕಿಗೆ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಎರಡನೆಯದು ಹಳಿಗಳ ಮೇಲೆ ಜಾರುವ ಸರಳಿನ ಲೆಕ್ಕ. ಪುಟದ ಒಳಮುಖವಾಗಿ 0.4 ಟೆಸ್ಲಾ ಕ್ಷೇತ್ರ, 0.25 ಮೀಟರ್ ಉದ್ದದ ಸರಳು, ಬಲಕ್ಕೆ ಸೆಕೆಂಡಿಗೆ 3 ಮೀಟರ್ ವೇಗ, ಮಂಡಲದ ರೋಧ 0.6 ಓಮ್. ಮಗಳು ಫ್ಯಾರಡೆಯ ದಾರಿ ಹಿಡಿಯುತ್ತಾಳೆ, ಅಂದರೆ ಮಂಡಲದೊಳಗಿನ ಫ್ಲಕ್ಸ್ (ಕ್ಷೇತ್ರವನ್ನು ಅದು ಹಾಯುವ ಜಾಗದಿಂದ ಗುಣಿಸಿದ್ದು) ಎಷ್ಟು ಬೇಗ ಬದಲಾಗುತ್ತದೋ ಅಷ್ಟು ವೋಲ್ಟ್: ಸರಳು ಸೆಕೆಂಡಿಗೆ 0.75 ಚದರ ಮೀಟರ್ ಜಾಗ ಸವರುತ್ತದೆ, ಅದನ್ನು 0.4ರಿಂದ ಗುಣಿಸಿದರೆ 0.3 ವೋಲ್ಟ್, ಪ್ರವಾಹ ಅರ್ಧ ಆಂಪಿಯರ್. ಎರಡು ಸಾಲಿನಲ್ಲಿ ಮುಗಿಯಿತು. ನಾನು ಸರಳಿನೊಳಗಿನ ಒಂದು ಧನ ವಿದ್ಯುದಂಶವನ್ನು ಹಿಡಿದು, ಅದರ ಮೇಲಿನ ಬಲ ಬರೆದು, ಸರಳಿನ ಉದ್ದಕ್ಕೆ ಕೆಲಸ ಲೆಕ್ಕ ಹಾಕಿ ಅದೇ 0.3ಕ್ಕೆ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ.

ದಿಕ್ಕಿನ ಮಾತು ಬಂದಾಗ ತಕ್ಕಡಿ ನನ್ನ ಕಡೆ ವಾಲುತ್ತದೆ. ನನ್ನ ವಿದ್ಯುದಂಶ ಸರಳಿನಲ್ಲಿ ಮೇಲಕ್ಕೆ ಹೋಗುತ್ತದೆ, ಮುಗಿಯಿತು. ಅವಳು ಲೆಂಜನ ನಿಯಮಕ್ಕೆ ಹೋಗಿ, ಫ್ಲಕ್ಸ್ ಒಳಮುಖವಾಗಿ ಹೆಚ್ಚುತ್ತಿದೆ, ಪ್ರವಾಹ ಅದನ್ನು ವಿರೋಧಿಸಬೇಕು, ಹಾಗಾದರೆ ಅದರ ಕ್ಷೇತ್ರ ಹೊರಮುಖ, ಹಾಗಾದರೆ ಅಪ್ರದಕ್ಷಿಣ ಎಂದು ಮೂರು ಮೆಟ್ಟಿಲು ಹತ್ತಬೇಕು. ಒಂದು ಜಾರಿದರೂ ಎಲ್ಲ ತಿರುವುಮುರುವು. ಇಬ್ಬರಿಗೂ ಒಪ್ಪಿಗೆಯಾದ ತಾಳೆ ಒಂದಿದೆ: ಸರಳನ್ನು ತಡೆಯುವ ಬಲ 0.05 ನ್ಯೂಟನ್, ವೇಗದಿಂದ ಗುಣಿಸಿದರೆ 0.15 ವ್ಯಾಟ್; ಅತ್ತ 0.3 ವೋಲ್ಟನ್ನು 0.5 ಆಂಪಿಯರ್‌ನಿಂದ ಗುಣಿಸಿದರೂ 0.15. ಕೂಡಿತೆಂದರೆ ಮುಂದಿನ ಪ್ರಶ್ನೆ.

ನನ್ನ ದಾರಿ ಮುಗ್ಗರಿಸಿದ್ದು ಟ್ರಾನ್ಸ್‌ಫಾರ್ಮರಿನಲ್ಲಿ. ವಿದ್ಯುದಂಶದ ವೇಗ ಎಂದು ನಾನು ಶುರು ಮಾಡುವಷ್ಟರಲ್ಲಿ ಅವಳು ಕೇಳಿದಳು: “ಅಪ್ಪ, ಇಲ್ಲಿ ಓಡುತ್ತಿರುವುದು ಯಾವುದು?” ಸುರುಳಿ ಕೂತಲ್ಲೇ ಕೂತಿದೆ, ಬದಲಾಗುತ್ತಿರುವುದು ಕ್ಷೇತ್ರ. ಅಲ್ಲಿ ಫ್ಯಾರಡೆಯೇ ಗತಿ.

ಸುರುಳಿ ಓಡಿದರೆ ಒಂದು ವಿವರಣೆ, ಆಯಸ್ಕಾಂತ ಓಡಿದರೆ ಇನ್ನೊಂದು, ಹುಟ್ಟುವ ಪ್ರವಾಹ ಮಾತ್ರ ಒಂದೇ. ಐನ್‌ಸ್ಟೈನ್ 1905ರ ತಮ್ಮ ಸಾಪೇಕ್ಷತೆಯ ಪ್ರಬಂಧವನ್ನು ಶುರು ಮಾಡುವುದೇ ಈ ಕಿರಿಕಿರಿಯಿಂದ. ಎರಡು ಘಟಕಗಳ ನಡುವಿನ ಈ ಬಾಗಿಲನ್ನು ತೋರಿಸಿದ ಮೇಲೆ ಮಗಳಿಗೆ ಸಾಪೇಕ್ಷತೆಯ ಮೇಲಿದ್ದ ಮುನಿಸು ಸ್ವಲ್ಪ ಇಳಿಯಿತು.

ಸ್ವಲ್ಪ ಮಾತ್ರ. ಏಕೆಂದರೆ ಇಲ್ಲಿ ಅವಳ ವೇಗದ ದಾರಿಯೇ ಅವಳಿಗೆ ಮುಳುವಾಯಿತು. ಸೂತ್ರಗಳ ಹಾಳೆಯನ್ನು ಪರೀಕ್ಷೆಯಲ್ಲೇ ಕೊಡುತ್ತಾರೆ. ಸಂಖ್ಯೆ ತುಂಬಿದರೆ ಆಯಿತು ಎಂದು ಅವಳ ಲೆಕ್ಕಾಚಾರ. ಮ್ಯೂಆನ್ (ವಾತಾವರಣದ ಮೇಲ್ಪದರದಲ್ಲಿ ಹುಟ್ಟಿ ಕ್ಷಣದಲ್ಲೇ ಅಳಿಯುವ ಕಣ) ಪ್ರಶ್ನೆಯನ್ನು ನಾವು 1963ರ ನಿಜವಾದ ಪ್ರಯೋಗದ ಅಂಕಿಗಳಿಂದಲೇ ಮಾಡಿ ನೋಡಿದೆವು. ಫ್ರಿಶ್ ಮತ್ತು ಸ್ಮಿತ್ ಅಮೆರಿಕದ ಮೌಂಟ್ ವಾಷಿಂಗ್ಟನ್ ಮೇಲೆ ಗಂಟೆಗೆ ಸುಮಾರು 563 ಮ್ಯೂಆನ್ ಎಣಿಸಿದರು, 1907 ಮೀಟರ್ ಕೆಳಗೆ ಸಮುದ್ರಮಟ್ಟದಲ್ಲಿ 408. ವೇಗ ಬೆಳಕಿನದರ ಸುಮಾರು 0.995 ಪಾಲು; ಗಾಮಾ, ಅಂದರೆ ಆ ವೇಗದಲ್ಲಿ ಕಾಲ ಎಷ್ಟು ಪಟ್ಟು ಹಿಗ್ಗುತ್ತದೆ, ಉದ್ದ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದರ ಬೆಲೆ, 10. ನಮ್ಮ ಗಡಿಯಾರದಲ್ಲಿ ಪಯಣ 6.4 ಮೈಕ್ರೋಸೆಕೆಂಡು. ಮ್ಯೂಆನಿನ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡು, ಆದ್ದರಿಂದ ಸಾಪೇಕ್ಷತೆಯಿಲ್ಲದ ಹಳೆಯ ಲೆಕ್ಕದಲ್ಲಿ ಕೆಳಗೆ ಉಳಿಯಬೇಕಾದದ್ದು ಬರೀ 31.

ಮಗಳು ಬೆಟ್ಟವನ್ನು 191 ಮೀಟರಿಗೆ ಕುಗ್ಗಿಸಿ, 0.64 ಮೈಕ್ರೋಸೆಕೆಂಡು ಪಡೆದು, “ಕಾಲವೂ ಹಿಗ್ಗುತ್ತದಲ್ಲ” ಎಂದು ಅದನ್ನು ಮತ್ತೆ ಹತ್ತರಿಂದ ಭಾಗಿಸಿದಳು. ಒಂದೇ ಸಾಲಕ್ಕೆ ಎರಡು ಸಲ ಬಡ್ಡಿ! ಹಾಗೆ ಮಾಡಿದರೆ 547 ಮ್ಯೂಆನ್ ಕೆಳಗಿಳಿಯುತ್ತವೆ. ನಾನು ಹಾಳೆಯ ನಡುವೆ ಗೆರೆ ಎಳೆದೆ: ಎಡಕ್ಕೆ ‘ಬೆಟ್ಟದ ಗಡಿಯಾರ’, ಬಲಕ್ಕೆ ‘ಮ್ಯೂಆನಿನ ಗಡಿಯಾರ’. ಎಡದಲ್ಲಿ ಬೆಟ್ಟ ಪೂರ್ತಿ ಎತ್ತರ, ಮ್ಯೂಆನಿನ ಆಯಸ್ಸು 22 ಮೈಕ್ರೋಸೆಕೆಂಡು. ಬಲದಲ್ಲಿ ಆಯಸ್ಸು 2.2, ಬೆಟ್ಟ ಗಿಡ್ಡ. ಎರಡೂ ಕಡೆ ಸುಮಾರು 421, ಎಣಿಸಿದ 408ಕ್ಕೆ ಹತ್ತಿರ. ಮ್ಯೂಆನುಗಳು ಗಾಳಿಯಲ್ಲಿ ಇಳಿಯುತ್ತಾ ನಿಧಾನವಾಗುವುದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಒಂದು ಗಾಮಾವನ್ನು ಒಂದು ಕಾಲಂನಲ್ಲಿ ಒಂದೇ ಸಲ ಬಳಸಬೇಕು ಎಂಬುದು ಸೂತ್ರದಲ್ಲಿ ಕಾಣುವುದಿಲ್ಲ, ಗೆರೆ ಎಳೆದಾಗ ಕಾಣುತ್ತದೆ. ಸಾಪೇಕ್ಷತೆಯ ಮಟ್ಟಿಗೆ ನಾನು ರಾಜಿಗೆ ತಯಾರಿಲ್ಲ: ಗೆರೆ ಮೊದಲು, ಸೂತ್ರ ಆಮೇಲೆ.

ಆದರೆ ಪರೀಕ್ಷೆ ಮೂರು ಗಂಟೆ, ನೂರು ಅಂಕ. ಅಂಕಕ್ಕೆ ಎರಡು ನಿಮಿಷವೂ ಸಿಗುವುದಿಲ್ಲ. ಎಲ್ಲವನ್ನೂ ಎರಡು ಸಲ ಬಿಡಿಸುವ ನನ್ನ ಚಪಲ ಅಲ್ಲಿ ನಡೆಯದು. ಕಳೆದ ಭಾನುವಾರ ಅಡುಗೆಮನೆಯ ಟೈಮರ್ ಇಟ್ಟು ಪೂರ್ತಿ ಪತ್ರಿಕೆ ಮಾಡಿಸಿದೆ. ಸಂಖ್ಯೆಗೆ ಫ್ಯಾರಡೆ, ದಿಕ್ಕಿಗೆ ವಿದ್ಯುದಂಶ, ಸಾಪೇಕ್ಷತೆಗೆ ಗೆರೆ ಎಂದು ಹಂಚಿಕೊಂಡು ಬರೆದಳು, ಹನ್ನೊಂದು ನಿಮಿಷ ಉಳಿಯಿತು. ದಿಕ್ಕಿನ ಪ್ರಶ್ನೆ ಬಂದಾಗಲೆಲ್ಲ ಮೇಜಿನ ಮೇಲೆ ಪೆನ್ನು ಇಡುವ ಟಕ್ ಸದ್ದು ನನಗೆ ಪಕ್ಕದ ಕೋಣೆಗೂ ಕೇಳಿಸುತ್ತಿತ್ತು.