ಹಲಸಿನ ನೆರಳಿಗೆ ಯಾವ ಲಿಲ್ಲಿ?

ತುಮಕೂರಿನ ನಮ್ಮ ಮನೆಯ ಹಿತ್ತಿಲಲ್ಲಿ ದೊಡ್ಡದೊಂದು ಹಲಸಿನ ಮರವಿದ್ದು, ಅದರ ಬುಡಕ್ಕೆ ಬೆಳಗಿನ ಎರಡು ಗಂಟೆ ಬಿಟ್ಟರೆ ಉಳಿದಂತೆ ಬಿಸಿಲು ಚುಕ್ಕೆಚುಕ್ಕೆಯಾಗಿ ಮಾತ್ರ ಇಳಿಯುತ್ತದೆ. ಅಲ್ಲಿ ಆಳೆತ್ತರ ಬೆಳೆದು ಸಂಜೆಗೆ ಪರಿಮಳ ಬೀರುವ ಬಿಳಿ ಹೂವಿನ ಗಿಡ ಬೇಕೆಂದು ನಾಲ್ಕು ವರ್ಷಗಳಲ್ಲಿ ನಾಲ್ಕು ಬಗೆಯವನ್ನು ನೆಟ್ಟು ನೋಡಿದ್ದೇನೆ.

ಮೊದಲ ಆಸೆ ಹಿಮಾಲಯದ ದೈತ್ಯ ಲಿಲ್ಲಿ, ಅಂದರೆ ಕಾರ್ಡಿಯೋಕ್ರೈನಮ್. ತನ್ನ ನೆಲದ ತಂಪು ಕಾಡುಗಳಲ್ಲಿ ಅದು ಹತ್ತು ಅಡಿಯವರೆಗೂ ಬೆಳೆದು, ಒಳಗೆ ಕೆನ್ನೇರಳೆ ಗೀರುಗಳಿರುವ ಬಿಳಿಯ ತುತ್ತೂರಿಯಂಥ ಹೂಗಳನ್ನು ಬಿಡುತ್ತದೆ. ಬೀಜದಿಂದ ಹೂವಿಗೆ ಸುಮಾರು ಏಳು ವರ್ಷ ಬೇಕು, ಹೂ ಮುಗಿದ ಮೇಲೆ ತಾಯಿಗೆಡ್ಡೆ ಸತ್ತು ಮರಿಗೆಡ್ಡೆಗಳಷ್ಟೇ ಉಳಿಯುತ್ತವೆ. ಅದಕ್ಕೆ ಬೇಕಾದ ನೆರಳು ನಮ್ಮಲ್ಲಿತ್ತು, ಚಳಿ ಇರಲಿಲ್ಲ. ತರಿಸಿದ ಎರಡು ಗೆಡ್ಡೆಗಳು ಜನವರಿಯಲ್ಲಿ ಹೃದಯಾಕಾರದ ಎಲೆ ತೋರಿಸಿ, ಏಪ್ರಿಲ್ ಕಾವಿಗೆ ಬೆಂದ ಸೊಪ್ಪಿನಂತೆ ಜೋತುಬಿದ್ದು, ಮೇ ಹೊತ್ತಿಗೆ ಮಣ್ಣಿನೊಳಗೇ ಕೊಳೆತವು. ಬಯಲುಸೀಮೆಯಲ್ಲಿ ಇದಕ್ಕೆ ದುಡ್ಡು ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಹೂವಿನಂಗಡಿಗಳಲ್ಲಿ ಕಾಣುವ ಓರಿಯೆಂಟಲ್ ಲಿಲ್ಲಿ. ಕುಂಡದಲ್ಲಿಟ್ಟ ಗೆಡ್ಡೆ ಮೊದಲ ವರ್ಷ ಅಂಗೈಗಿಂತ ಅಗಲವಾದ ನಾಲ್ಕು ಹೂ ಕೊಟ್ಟಿತು. ಮರುವರ್ಷದ ಹೂವಿಗೆ ಬೇಕಾದ ಚಳಿ ಸಿಗಲೆಂದು ಗೆಡ್ಡೆಯನ್ನು ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ ಎಂಟು ವಾರ ಫ್ರಿಜ್ಜಿನಲ್ಲಿಟ್ಟೆ. ಆದರೆ ಪಕ್ಕದಲ್ಲೇ ಸೇಬನ್ನೂ ಇಟ್ಟದ್ದು ತಪ್ಪಾಯಿತು, ಏಕೆಂದರೆ ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೆಡಿಸುತ್ತದೆ. ಆ ವರ್ಷ ಎಲೆ ಬಂತು, ಹೂ ಬರಲಿಲ್ಲ. ಬೆಕ್ಕು ಸಾಕಿದವರಂತೂ ಇದನ್ನು ಮನೆಗೆ ತರಲೇಬಾರದು. ಇದರ ಪರಾಗವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ.

ನಿಜವಾದ ಪೈಪೋಟಿ ನಡೆದದ್ದು ಲಿಲ್ಲಿಯೆಂದೇ ಕರೆಯುವ ಗೆಡ್ಡೆಗಿಡ ಕ್ರೈನಮ್ ಮತ್ತು ಸುರುಳಿ ಸುಗಂಧಿಯ ನಡುವೆ. ಸುಗಂಧಿ ಲಿಲ್ಲಿಯಲ್ಲ, ಶುಂಠಿಯ ಕುಟುಂಬದ್ದು ಎಂದು ಆಕ್ಷೇಪಿಸಬಹುದು. ಕ್ರೈನಮ್ ಕೂಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಲಿಲ್ಲಿಯ ಕುಟುಂಬಕ್ಕೆ ಸೇರಿಲ್ಲ. ಮೂಗಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಕ್ರೈನಮ್ ಒರಟು ಗಿಡ. ಮಾರುದ್ದದ ಎಲೆ, ತೋಳುಗಾತ್ರದ ಬುಡ, ಒಂದೇ ದಂಟಿನ ತುದಿಯಲ್ಲಿ ಇಪ್ಪತ್ತರಷ್ಟು ಎಳೆಎಳೆಯಾದ ಹೂ. ವಾರಗಟ್ಟಲೆ ನೀರಿಲ್ಲದಿದ್ದರೂ ಅದು ಬಾಡಲಿಲ್ಲ, ಗಡಸಾದ ಬೋರ್‌ವೆಲ್ ನೀರಿಗೂ ಮುನಿಯಲಿಲ್ಲ. ಅದರ ಶತ್ರು ಹುಳು: ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆ, ಅಲ್ಲಲ್ಲಿ ಕಿತ್ತಳೆ ಕೆಂಪು. ಮರಿಹುಳುಗಳು ಗುಂಪಾಗಿ ಎಲೆಯ ಹಸಿರನ್ನು ಕೆರೆದು ತಿಂದು, ಬೆಳಕಿಗೆ ಹಿಡಿದರೆ ಎಣ್ಣೆಕಾಗದದಂತೆ ಕಾಣುವ ಪೊರೆಯನ್ನಷ್ಟೇ ಬಿಡುತ್ತವೆ. ದೊಡ್ಡವು ಎಲೆಯ ಬುಡದವರೆಗೂ ಕೊರೆಯುತ್ತವೆ. ಬೇವಿನೆಣ್ಣೆಗಿಂತ ಬೆಳಿಗ್ಗೆ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿದ್ದೇ ಹೆಚ್ಚು ಫಲ ಕೊಟ್ಟಿತು. ಪೂರ್ಣ ನೆರಳಿನಲ್ಲಿ ನೆಟ್ಟದ್ದು ವರ್ಷಕ್ಕೆ ಒಂದೇ ಬಾರಿ ಹೂ ಬಿಟ್ಟರೆ, ಬೇಲಿಯ ಬದಿಯದು ಮೂರು ಬಾರಿ ಬಿಟ್ಟಿತು.

ಸುಗಂಧಿಯನ್ನು ಬಚ್ಚಲ ನೀರು ಹರಿದುಹೋಗುವ ಕಡೆಯಲ್ಲಿ, ಕೊಟ್ಟಿಗೆ ಗೊಬ್ಬರ ಹಾಕಿ, ಹಲಸಿನ ತರಗನ್ನೇ ಹೊದಿಸಿ ನೆಟ್ಟೆ. ಎರಡನೆಯ ವರ್ಷಕ್ಕೆ ನನ್ನ ಹೆಗಲು ದಾಟಿತು. ಇಲ್ಲಿ ಮಳೆ ಜೋರಾಗುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ದಿನಕ್ಕೆ ಹತ್ತಾರು ಹೂ ಅರಳಿ, ದೀಪ ಹಚ್ಚುವ ಹೊತ್ತಿಗೆ ಪರಿಮಳ ಅಡುಗೆಮನೆಯ ಕಿಟಕಿಯವರೆಗೂ ಬರುತ್ತದೆ. ಒಂದು ಹೂವಿನ ಆಯುಸ್ಸು ಒಂದೇ ದಿನವಾದರೂ ತೆನೆಯಲ್ಲಿ ಮರುದಿನದ ಮೊಗ್ಗು ಸಿದ್ಧವಿರುತ್ತದೆ. ಆದರೆ ಬೇಸಿಗೆಯಲ್ಲಿ ನಾವು ಹತ್ತು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಎಲೆಯ ಅಂಚುಗಳೆಲ್ಲ ಸುಟ್ಟು ಕಾಗದವಾಗಿದ್ದವು. ಗೆಡ್ಡೆ ಬದುಕಿತ್ತು, ಚಿಗುರಲು ಜೂನ್‌ವರೆಗೆ ಕಾಯಬೇಕಾಯಿತು.

ಆದುದರಿಂದ ಹಲಸಿನ ಬುಡವನ್ನು ಸುಗಂಧಿಗೇ ಬಿಟ್ಟು, ನೀರು ತಲುಪದ ಬೇಲಿಯ ಸಾಲಿಗೆ ಕ್ರೈನಮ್ ಹಾಕಿದ್ದೇನೆ. ಅದರ ನೆಲ್ಲಿಕಾಯಿ ಗಾತ್ರದ ಬೀಜವೊಂದನ್ನು ಕಿಟಕಿಯ ಕಟ್ಟೆಯ ಮೇಲೆ ಮರೆತಿದ್ದೆ. ಮಣ್ಣೂ ನೀರೂ ಇಲ್ಲದೆ ಅದು ಬೇರು ಬಿಟ್ಟಿದೆ.