ಕೋಲಾರದ ಹಳೇ ಪೇಟೆಯಲ್ಲಿ ಲಕ್ಷುರಿ ಫ್ಲ್ಯಾಟ್ ತಗೊಳ್ಳುವವರು ಮೊದಲು ಇದನ್ನು ಓದಿ

ಕೋಲಾರದಲ್ಲಿ ಸೋಮೇಶ್ವರ ದೇವಸ್ಥಾನದ ಹತ್ತಿರವೋ ಕೋಲಾರಮ್ಮನ ಗುಡಿಯ ಹತ್ತಿರವೋ ಹೊಸ ಫ್ಲ್ಯಾಟ್ ನೋಡುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಬಿಲ್ಡರ್ ಹತ್ತಿರ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಎನ್‌ಓಸಿ (ಸಂರಕ್ಷಿತ ಸ್ಮಾರಕದ ಹತ್ತಿರ ಕೆಲಸ ಮಾಡಲು ಬೇಕಾದ ಅನುಮತಿ ಪತ್ರ) ಕೇಳಿ. ಅದರ ಎಲ್ಲ ಪುಟಗಳನ್ನೂ ಕೇಳಿ. ನಮಗೆ ತೋರಿಸಿದ್ದು ಮೊದಲ ಪುಟ ಮಾತ್ರ. ಆ ಒಂದು ಪುಟದಿಂದ ಒಂಬತ್ತು ಕುಟುಂಬಗಳ ದುಡ್ಡು ಅರ್ಧ ಕಟ್ಟಿದ ಕಟ್ಟಡದೊಳಗೆ ಸಿಕ್ಕಿಹಾಕಿಕೊಂಡಿದೆ.

ನಾವು ಬುಕ್ ಮಾಡಿದ್ದು ಮೂರು ಬೆಡ್‌ರೂಮಿನ ಮನೆ, ಬೆಲೆ 72 ಲಕ್ಷ. ಬ್ರೋಷರ್ ತೆಗೆದರೆ ಸೋಮೇಶ್ವರನ ಗೋಪುರದ ದೊಡ್ಡ ಫೋಟೋ. ಕೆಳಗೆ 'ಬಾಲ್ಕನಿಯಿಂದಲೇ ಗೋಪುರ ದರ್ಶನ' ಎಂದು ಬರೆದಿತ್ತು. ಲಿಫ್ಟ್, ಜನರೇಟರ್, ಇಟಾಲಿಯನ್ ಮಾರ್ಬಲ್, ಟೆರೇಸ್ ಗಾರ್ಡನ್ ಎಲ್ಲ ಇರುತ್ತೆ ಅಂದಿದ್ದರು. ನಮ್ಮತ್ತೆಗೆ ವಯಸ್ಸಾಗಿದೆ, ಮೆಟ್ಟಿಲು ಹತ್ತೋಕಾಗಲ್ಲ. ದೇವಸ್ಥಾನ, ಮಾರ್ಕೆಟ್ಟು, ಆಸ್ಪತ್ರೆ ಎಲ್ಲ ಹತ್ತಿರ. ನಮ್ಮ ಯಜಮಾನರಿಗೆ ನರಸಾಪುರದಲ್ಲಿ ಕೆಲಸ. ಊರಾಚೆ ಸೈಟು ತಗೊಂಡು ಮನೆ ಕಟ್ಟಿಸುವುದಕ್ಕಿಂತ ಇದೇ ಅನುಕೂಲ ಅಂತ ಮನೆಯವರೆಲ್ಲ ಒಪ್ಪಿದರು.

ಪತ್ರ ನೋಡದೆ ದುಡ್ಡು ಕೊಟ್ಟವರಲ್ಲ ನಾವು. ಇಸಿ, ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ ತೆಗೆಸಿದೆವು. ಅದರ ಫಾರಂ 15ರಲ್ಲಿ ಸಾಲ, ಅಡಮಾನ ಏನೂ ಇರಲಿಲ್ಲ. ಇ-ಖಾತಾ ಇತ್ತು. ಹಳೇ ಪೇಟೆಯ ಆಸ್ತಿ ಅಂದರೆ ಒಟ್ಟು ಕುಟುಂಬದ ಆಸ್ತಿಯೇ ಜಾಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಹಾಗಾಗಿ ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಇದೆಯಾ ಅಂತಲೂ ನೋಡಿದೆವು. ಎಲ್ಲ ಇತ್ತು. ಬ್ಯಾಂಕಿನ ವಕೀಲರು 'ಟೈಟಲ್ ಕ್ಲಿಯರ್' ಅಂತ ವರದಿ ಕೊಟ್ಟರು. ಸಾಲ ಮಂಜೂರಾಯಿತು. ಬ್ಯಾಂಕೇ ಒಪ್ಪಿದ ಮೇಲೆ ಇನ್ನೇನು ಅನುಮಾನ ಅಂತ ಸಾಮಾನ್ಯವಾಗಿ ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ?

ಆದರೆ ಟೈಟಲ್ ಕ್ಲಿಯರ್ ಅಂದರೆ ಆ ಜಾಗ ಮಾರುವವನದೇ ಅಂತ ಅಷ್ಟೇ. ಆ ಜಾಗದಲ್ಲಿ ನಾಲ್ಕು ಮಹಡಿ ಏರಿಸಬಹುದು ಅಂತ ಅದು ಹೇಳುವುದಿಲ್ಲ.

ನಮಗೆ ವಿಷಯ ಗೊತ್ತಾಗಿದ್ದು ಪಕ್ಕದ ಮನೆಯ ಹಿರಿಯರಿಂದ. ಅವರದು ಹಳೇ ಹೆಂಚಿನ ಮನೆ. ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ನಾವು ಹೋಗಿದ್ದಾಗ ಅವರೇ ಕರೆದು ಕೂರಿಸಿದರು. "ಅಮ್ಮಾ, ನಮ್ಮ ಮನೆ ಸೂರು ರಿಪೇರಿ ಮಾಡಿಸೋಕೇ ನಾನು ಅರ್ಜಿ ಹಾಕಿ ಕಾದಿದ್ದೀನಿ. ಇದು ದೇವಸ್ಥಾನದ ನೂರು ಮೀಟರ್ ಒಳಗಿನ ಜಾಗ. ಇವರಿಗೆ ಇಷ್ಟು ಎತ್ತರಕ್ಕೆ ಯಾರು ಪರ್ಮಿಷನ್ ಕೊಟ್ಟರು?" ಅಂತ ಕೇಳಿದರು. ಬಿಲ್ಡರ್‌ಗೆ ಫೋನ್ ಮಾಡಿದರೆ, "ಮೇಡಂ, ಎನ್‌ಓಸಿ ಇದೆ, ತೋರಿಸಿದ್ದೀನಲ್ಲ. ಅವರಿಗೆ ಹೊಟ್ಟೆಕಿಚ್ಚು, ತಲೆ ಕೆಡಿಸ್ಕೋಬೇಡಿ" ಅಂದ.

ನಾವು ಆರ್‌ಟಿಐ ಹಾಕಿದೆವು. ಹತ್ತು ರೂಪಾಯಿ ಫೀಸು, 30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನಿದೆ. ಪೂರ್ತಿ ಪತ್ರ ಕೈಗೆ ಬಂತು. ಮೊದಲ ಪುಟದಲ್ಲಿ ಸರ್ವೆ ನಂಬರ್, ಅರ್ಜಿದಾರರ ಹೆಸರು, ಅನುಮತಿ ಕೊಟ್ಟಿದೆ ಅನ್ನುವ ಸಾಲು. ಎರಡನೇ ಪುಟದಲ್ಲಿತ್ತು ಅಸಲು ವಿಷಯ. ಅನುಮತಿ ಕೊಟ್ಟಿದ್ದು ಅಲ್ಲಿದ್ದ ಹಳೇ ಮನೆಯ ರಿಪೇರಿಗೆ. ಎತ್ತರ ಏರಿಸಬಾರದು, ಇರುವಷ್ಟು ಜಾಗದಲ್ಲೇ ಕೆಲಸ ಆಗಬೇಕು ಅಂತ ಷರತ್ತು. ಬಿಲ್ಡರ್ ಆ ಹಳೇ ಮನೆಯನ್ನೇ ನೆಲಸಮ ಮಾಡಿ ಪಿಲ್ಲರ್ ಎಬ್ಬಿಸಿದ್ದ.

ಕಾನೂನು ಏನು ಹೇಳುತ್ತೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕೋಲಾರದ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಸೋಮೇಶ್ವರ ಮತ್ತು ಕೋಲಾರಮ್ಮ ದೇವಸ್ಥಾನಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಇವಕ್ಕೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅನ್ವಯವಾಗುತ್ತದೆ. 2010ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಸ್ಮಾರಕದಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕಟ್ಟುವಂತೆಯೇ ಇಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಕಟ್ಟಬಹುದು, ಆದರೆ ಮೊದಲೇ ಅನುಮತಿ ಬೇಕು. ಅಂದರೆ ಒಟ್ಟು 300 ಮೀಟರ್. ಎರಡು ದೇವಸ್ಥಾನದ ಸುತ್ತಲೂ ಅಷ್ಟು ದೂರ ನಡೆದು ನೋಡಿ, ಹಳೇ ಊರಿನ ಎಷ್ಟು ಬೀದಿಗಳು ಇದರೊಳಗೆ ಬರುತ್ತವೆ ಅಂತ ಗೊತ್ತಾಗುತ್ತದೆ.

ನಿಷೇಧಿತ ಪ್ರದೇಶದಲ್ಲಿ ರಿಪೇರಿಗೆ ಮಾತ್ರ ದಾರಿ ಇದೆ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯವರು ಅರ್ಜಿ ಹಾಕಿ ದುರಸ್ತಿ ಮಾಡಿಸಿಕೊಳ್ಳಬಹುದು. ಅಲ್ಲೇ ಹುಟ್ಟಿ ಬೆಳೆದವರಿಗೆ ಸೋರುವ ಸೂರು ಸರಿಮಾಡಿಸಿಕೊಳ್ಳಲಿ ಅಂತ ಇಟ್ಟ ಅವಕಾಶ ಅದು. ಅದನ್ನೇ ಹಿಡಿದುಕೊಂಡು ಅಪಾರ್ಟ್‌ಮೆಂಟ್ ಕಟ್ಟಿ ಮಾರಿದರು. ನನಗೆ ದುಡ್ಡಿನಷ್ಟೇ ಸಂಕಟ ಈ ವಿಷಯಕ್ಕೂ ಇದೆ. ಪಕ್ಕದ ಮನೆಯ ಹಿರಿಯರು ಕಾನೂನಿಗೆ ತಲೆಬಾಗಿ ಮಳೆಗಾಲವೆಲ್ಲ ಸೋರುವ ಮನೆಯಲ್ಲಿ ಕೂತಿದ್ದರು.

ಇಂಥ ಕಟ್ಟಡವನ್ನು ಆಮೇಲೆ ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮಗೂ ಹಾಗೇ ಹೇಳಿದ್ದರು. ನಿಷೇಧಿತ ಪ್ರದೇಶದಲ್ಲಿ ಕಟ್ಟಿದವರಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಟ್ಟಡ ತೆಗೆಸಲೂಬಹುದು.

ದೂರ ಅಳೆಯುವುದರಲ್ಲೂ ಮೋಸ ನಡೆಯುತ್ತದೆ. "ಗೋಪುರದಿಂದ ನೂರಿಪ್ಪತ್ತು ಮೀಟರ್ ಇದೆ ಸಾರ್" ಅಂತ ಬ್ರೋಕರ್ ನಮ್ಮ ಯಜಮಾನರಿಗೆ ಮೊಬೈಲ್ ಮ್ಯಾಪಿನಲ್ಲಿ ಅಳೆದು ತೋರಿಸಿದ್ದ. ಕಾನೂನಿನ ಪ್ರಕಾರ ಅಳೆಯಬೇಕಾದ್ದು ಗೋಪುರದಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ದೇವಸ್ಥಾನದ ಪ್ರಾಕಾರದ ಗೋಡೆ ಎಲ್ಲಿದೆ, ಗೋಪುರ ಎಲ್ಲಿದೆ ನೋಡಿದವರಿಗೆ ಇದರ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ವಿಷಯ ರೇರಾದ್ದು, ಅಂದರೆ ಬಿಲ್ಡರ್‌ಗಳನ್ನು ನಿಯಂತ್ರಿಸುವ ರಿಯಲ್ ಎಸ್ಟೇಟ್ ಕಾಯ್ದೆಯದು. ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಮನೆಗಳು ಎಂಟು ದಾಟದಿದ್ದರೆ ರೇರಾ ನೋಂದಣಿ ಬೇಡ. ಹಳೇ ಪೇಟೆಯ ಸೈಟುಗಳು ಚಿಕ್ಕವು. ಬಿಲ್ಡರ್‌ಗಳಿಗೆ ಇದು ಅನುಕೂಲ. ನೋಂದಣಿ ಇದ್ದಿದ್ದರೆ ನಾವು ಕೊಟ್ಟ ದುಡ್ಡಿನ ಶೇ 70 ಭಾಗ ಬೇರೆ ಖಾತೆಯಲ್ಲಿ ಇರಬೇಕಿತ್ತು. ಬೆಲೆಯ ಶೇ 10ಕ್ಕಿಂತ ಜಾಸ್ತಿ ತಗೊಳ್ಳುವ ಮೊದಲು ಅಗ್ರಿಮೆಂಟ್ ರಿಜಿಸ್ಟರ್ ಆಗಬೇಕಿತ್ತು. ಪ್ಲ್ಯಾನು, ಅನುಮತಿ ಎಲ್ಲ ರೇರಾ ವೆಬ್‌ಸೈಟಿನಲ್ಲಿ ಕಾಣಬೇಕಿತ್ತು. ನಮ್ಮ ಬಿಲ್ಡರ್ ಕಾಗದದ ಮೇಲೆ ಎಂಟೇ ಮನೆ ತೋರಿಸಿದ್ದ. ಪ್ಲ್ಯಾನಿನಲ್ಲಿ ಟೆರೇಸಿನ ಮೇಲೆ ಸ್ಟೋರ್ ರೂಮ್ ಅಂತ ಇದ್ದದ್ದನ್ನು ಪೆಂಟ್‌ಹೌಸ್ ಅಂತ ಇನ್ನೊಬ್ಬರಿಗೆ ಮಾರಿದ್ದ. ಅವರೇ ನಮ್ಮ ಒಂಬತ್ತನೇ ಕುಟುಂಬ. ಆ ಒಂಬತ್ತನೇ ಮನೆಯನ್ನೇ ಮುಂದಿಟ್ಟುಕೊಂಡು, ನೋಂದಣಿ ಇಲ್ಲದೆ ಮಾರಿದ್ದಾನೆ ಅಂತ ಈಗ ರೇರಾಗೆ ದೂರು ಕೊಟ್ಟಿದ್ದೇವೆ. ಬಡ್ಡಿ ಸಮೇತ ಹಣ ವಾಪಸ್ ಕೇಳಲು ಆ ಕಾಯ್ದೆಯ 18ನೇ ಸೆಕ್ಷನ್ ಇದೆ.

ನೋಟಿಸ್ ಬಂದು ಕೆಲಸ ನಿಂತಿದೆ. ಬ್ಯಾಂಕು ಮುಂದಿನ ಕಂತು ಬಿಡುಗಡೆ ಮಾಡುವುದಿಲ್ಲ ಅಂದಿದೆ. ಆದರೆ ಈಗಾಗಲೇ ಬಿಟ್ಟ ಹಣಕ್ಕೆ ಬಡ್ಡಿ ತಿಂಗಳು ತಿಂಗಳೂ ಹೋಗುತ್ತಲೇ ಇದೆ. ಜೊತೆಗೆ ಬಾಡಿಗೆ ಮನೆ ಖರ್ಚು. ಹೇಗೋ ಕಟ್ಟಿ ಮುಗಿಸಿದರೂ ವಾಸಕ್ಕೆ ಹೋಗುವಂತಿಲ್ಲ. ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೀರಿನ ಮಾತೂ ಹೇಳಿಬಿಡುತ್ತೇನೆ. '24 ಗಂಟೆ ನೀರು' ಅಂತ ಬರೆದಿದ್ದರು. ಕೋಲಾರದ ಬೋರ್‌ವೆಲ್ ಕಥೆ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಎಲ್ಲಿಂದ ನೀರು ಅಂದರೆ ಟ್ಯಾಂಕರ್ ಅಂದರು. ಆ ಬೀದಿಗೆ ಟ್ಯಾಂಕರ್ ತಿರುಗಿಸುವುದೇ ಕಷ್ಟ, ಅಗ್ನಿಶಾಮಕ ವಾಹನ ಬರುವುದಂತೂ ದೂರದ ಮಾತು.

ಈಗಾಗಲೇ ಇಂಥದ್ದರಲ್ಲಿ ಸಿಕ್ಕಿಕೊಂಡವರಿಗೆ ಒಂದು ಮಾತು. ಬಿಲ್ಡರ್ ಕ್ಯಾನ್ಸಲೇಷನ್ ಲೆಟರ್ ಅಂತ ಒಂದು ಹಾಳೆ ತರುತ್ತಾನೆ. ಸಹಿ ಮಾಡಿದರೆ ಒಂದೇ ವಾರದಲ್ಲಿ ಚೆಕ್ ಕೊಡುತ್ತೇನೆ ಅನ್ನುತ್ತಾನೆ. ನಮಗೆ ತಂದ ಹಾಳೆಯಲ್ಲಿ 'ನಮ್ಮ ವೈಯಕ್ತಿಕ ಕಾರಣದಿಂದ ಬುಕಿಂಗ್ ರದ್ದು ಮಾಡುತ್ತಿದ್ದೇವೆ' ಅಂತ ಇತ್ತು. ಹಾಗೆ ಬರೆದುಕೊಟ್ಟರೆ ತಪ್ಪು ನಮ್ಮದಾಗುತ್ತದೆ. ಅಗ್ರಿಮೆಂಟಿನ ಪ್ರಕಾರ ಅವನು ಹಣ ಮುರಿದುಕೊಂಡು ಕೊಡಬಹುದು, ಬಡ್ಡಿ ಕೇಳುವ ಹಕ್ಕೂ ಹೋಗುತ್ತದೆ. ನಮ್ಮ ವಕೀಲರು ನೋಡಿ ಸಹಿ ಮಾಡಬೇಡಿ ಅಂದರು. ನೀವೂ ವಕೀಲರಿಗೆ ತೋರಿಸದೆ ಯಾವುದಕ್ಕೂ ಸಹಿ ಹಾಕಬೇಡಿ. ಬ್ರೋಷರ್, ರಸೀದಿ, ವಾಟ್ಸಾಪ್ ಮಾತುಕತೆ ಒಂದನ್ನೂ ಅಳಿಸಬೇಡಿ. ಗೋಪುರ ದರ್ಶನ ಅಂತ ಅವರೇ ಅಚ್ಚು ಹಾಕಿಸಿದ ಆ ಬ್ರೋಷರ್ ಈಗ ನಮ್ಮ ದೂರಿನ ಜೊತೆ ದಾಖಲೆಯಾಗಿ ಹೋಗಿದೆ.

ಇನ್ನೂ ದುಡ್ಡು ಕೊಡದವರು ಮೊದಲು ದೇವಸ್ಥಾನದ ಹತ್ತಿರ ಹೋಗಿ ಪುರಾತತ್ವ ಇಲಾಖೆಯ ಬೋರ್ಡ್ ಓದಿ. ನೂರು, ಇನ್ನೂರು ಮೀಟರ್‌ನ ನಿಯಮ ಅದರಲ್ಲೇ ಇರುತ್ತದೆ. ಆಮೇಲೆ ಸರ್ವೆ ನಂಬರ್ ಹಾಕಿ, ಈ ಜಾಗ ನಿಷೇಧಿತವೋ ನಿಯಂತ್ರಿತವೋ, ಇಲ್ಲಿ ಯಾವ ಕೆಲಸಕ್ಕೆ ಅನುಮತಿ ಸಿಕ್ಕಿದೆ, ಎಷ್ಟು ಎತ್ತರಕ್ಕೆ ಅಂತ ಪುರಾತತ್ವ ಇಲಾಖೆಯ ಬೆಂಗಳೂರು ವಲಯಕ್ಕೆ ಆರ್‌ಟಿಐ ಹಾಕಿ. ಎನ್‌ಓಸಿಯಲ್ಲಿರುವ ಎತ್ತರವೂ ನಗರಸಭೆಯ ಪ್ಲ್ಯಾನಿನ ಎತ್ತರವೂ ಒಂದೇ ಇದೆಯಾ ನೋಡಿ. ಉತ್ತರ ಬರುವವರೆಗೆ ಬ್ರೋಕರ್ ಎಷ್ಟೇ ಅವಸರ ಮಾಡಲಿ, 'ಇನ್ನೊಂದೇ ಫ್ಲ್ಯಾಟ್ ಉಳಿದಿದೆ' ಅನ್ನಲಿ, ಟೋಕನ್ ಕೂಡ ಕೊಡಬೇಡಿ. ಇದು ಕೋಲಾರಕ್ಕೆ ಮಾತ್ರ ಅಲ್ಲ. ಚಿಕ್ಕಬಳ್ಳಾಪುರದ ಕಡೆ ನಂದಿಯ ಭೋಗನಂದೀಶ್ವರ, ತುಮಕೂರಿನ ಕಡೆ ಶಿರಾದ ಮಲ್ಲಿಕ್ ರಿಹಾನ್ ಗೋರಿಯ ಸುತ್ತಲೂ ಇದೇ ಕಾನೂನು.

ಇದನ್ನೆಲ್ಲ ಈಗಲೇ ಬರೆಯುವುದಕ್ಕೆ ಕಾರಣ ಇದೆ. ಅದೇ ಬಿಲ್ಡರ್ ಬೇರೆ ಹೆಸರಿನಲ್ಲಿ ಇನ್ನೊಂದು ಬೀದಿಯಲ್ಲಿ ಬುಕಿಂಗ್ ಶುರು ಮಾಡಿದ್ದಾನೆ. ಅಲ್ಲೂ ಎಂಟೇ ಮನೆಯಂತೆ. ಆ ಕಡೆ ಫ್ಲ್ಯಾಟ್ ನೋಡುತ್ತಿರುವವರು ನಿಮಗೆ ಗೊತ್ತಿದ್ದರೆ ದಯವಿಟ್ಟು ಇದನ್ನು ಇವತ್ತೇ ಅವರಿಗೆ ಕಳಿಸಿ.